ಹೊಳೆಮರಡಿಗೆ ಹೋಗುವ ಬಸ್ಸು

ಹೊಳೆಮರಡಿ
ಜೂನ್ 11

ತಮ್ಮ ಬಸವಲಿಂಗನಿಗೆ ಅಕ್ಕ ಗಂಗಾ ಬರೆದದ್ದು.

ಫೋನು ಮಾಡಿದರೆ ನೀನು ಎತ್ತುವುದಿಲ್ಲ ಎಂಬುದು ಎರಡು ವರ್ಷದಿಂದ ಗೊತ್ತಿದೆ. ಕಾಗದವಾದರೆ ಹರಿದು ಹಾಕುವ ಮುಂಚೆ ಒಮ್ಮೆಯಾದರೂ ಕಣ್ಣಾಡಿಸುತ್ತೀ ಎಂದು ಬರೆಯುತ್ತಿದ್ದೇನೆ. ನಿನ್ನ ಬಸ್ಸಿನ ಕಂಡಕ್ಟರ್ ಗೌತಮಿಬಾಯಿಯವರ ಕೈಗೆ ಕೊಟ್ಟಿದ್ದೇನೆ. ಅವರು ಏನೂ ಕೇಳದೆ ಚೀಲದಲ್ಲಿ ಇಟ್ಟುಕೊಂಡರು.

ಸೋಮವಾರ ಬಸ್ಸು ಬಂದಾಗ ಊರಿಗೆ ಊರೇ ಅಗಸಿ ಬಾಗಿಲ ಮುಂದೆ ನಿಂತಿತ್ತು. ಪಂಚಾಯತಿ ಮೆಂಬರ್ ಅಮೋಘಸಿದ್ದಪ್ಪ ಕಾಕಾ ಕಾಯಿ ಒಡೆದರು. ಹಾರ ಹಿಡಿದು ಮುಂದೆ ಬಂದವಳು ನಾನು. ಗಾಜಿನ ಹಿಂದೆ ನಿನ್ನ ಮುಖ ಕಂಡು ಅಲ್ಲೇ ನಿಂತುಬಿಟ್ಟೆ. ಹಾರವನ್ನು ಬೇರೆಯವರು ಹಾಕಿದರು. ನೀನು ಎಂಜಿನ್ನೂ ಬಂದ್ ಮಾಡಲಿಲ್ಲ.

ಅಪ್ಪನ ಹೊಲದಲ್ಲಿ ಪಾಲು ಕೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಅದನ್ನು ಇಲ್ಲಿ ಎತ್ತುವುದಿಲ್ಲ. ನಾನು ಬರೆಯುತ್ತಿರುವುದು ರೊಟ್ಟಿಯ ಸಲುವಾಗಿ. ನಾವು ಕೆಲವು ಹೆಣ್ಣುಮಕ್ಕಳು ಸೇರಿ ರೊಟ್ಟಿ ಬಡಿದು ಮಾರುತ್ತೇವೆಂದು ಅವ್ವ ಹೇಳಿರಬಹುದು. ಇಷ್ಟು ದಿನ ಕಲ್ಮೇಶನ ಟಂಟಂ ಆಟೋ ತುಂಬಿದಾಗ ಹೊರಡುತ್ತಿತ್ತು, ಹಳ್ಳ ಬಂದರೆ ಅದೂ ಇಲ್ಲ. ಹೋದ ವರ್ಷ ಹಳ್ಳಕ್ಕೆ ಸೇತುವೆಯಾಗಿ ಈಗ ಬಸ್ಸೂ ಬಂತು. ಮುಂಜಾನೆ ಬಡಿದ ರೊಟ್ಟಿ ಮಧ್ಯಾಹ್ನದ ಊಟಕ್ಕೆ ಯರಗಟ್ಟಿಯ ಖಾನಾವಳಿಯಲ್ಲಿ ಇರಬಹುದು. ಡಬ್ಬಿ ಹೇರುವವರೆಗೆ ಸ್ವಲ್ಪ ತಡೆದು ನಿಲ್ಲು. ಅಷ್ಟೇ ಕೇಳುವುದು.

ಅಕ್ಕ
ಗಂಗಾ

•

ರಾಮದುರ್ಗ
ಜೂನ್ 19

ಗಂಗಾ ಅಕ್ಕನವರಿಗೆ,

ನಿಮ್ಮ ಕಾಗದ ತಲುಪಿತು. ಈ ರೂಟು ನಾನು ಕೇಳಿ ಪಡೆದದ್ದಲ್ಲ. ಡಿಪೋದಲ್ಲಿ ಹಾಕಿದರು, ಬಂದೆ. ಡಬ್ಬಿಗಳನ್ನು ಹಿಂದಿನ ಬಾಗಿಲಿನಿಂದ ಹೇರಿರಿ, ಲಗೇಜಿನ ಟಿಕೀಟು ತಪ್ಪದೆ ತೆಗೆಸಿರಿ. ಮೆಟ್ಟಿಲ ಮೇಲೆ ಯಾರೂ ಜೋತಾಡಬಾರದು ಎಂದು ಊರಲ್ಲಿ ಹೇಳಿರಿ.

ಅವ್ವ ಆರಾಮಿದ್ದಾಳೆ. ಮೊಣಕಾಲು ನೋವು ಇದ್ದದ್ದೇ. ಸಂಜೆ ಮನೆಗೆ ಹೋದರೆ, "ಇವತ್ತ ಗಂಗಾ ಕಂಡ್ಲೇನು?" ಎಂದು ಕೇಳುತ್ತಾಳೆ. ಕಂಡಳು ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿಗೆ ನಾನು ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ.

ಬಸವಲಿಂಗ

•

ಹೊಳೆಮರಡಿ
ಜುಲೈ 10

ಬಸು,

ನೀನು ನನಗೆ ನೀವು, ನಿಮ್ಮ ಎಂದು ಬರೆದಿದ್ದೆ. ಯಾರದೋ ಕಾಗದ ತಪ್ಪಿ ನನಗೆ ಬಂತೇನೋ ಅನ್ನಿಸಿತು. ಆದರೂ ನೀನು ದಿನಾ ಡಬ್ಬಿ ಹೇರುವವರೆಗೆ ನಿಲ್ಲುತ್ತೀ, ಹಾರ್ನ್ ಹೊಡೆದು ಅವಸರ ಮಾಡುವುದಿಲ್ಲ. ಹೆಣ್ಣುಮಕ್ಕಳೆಲ್ಲ ಡ್ರೈವರ್ ಅಣ್ಣಾ ಭಾಳ ಛಲೋ ಅನ್ನುತ್ತಾರೆ. ನಾನು ಡಬ್ಬಿ ಎಣಿಸುತ್ತಿರುತ್ತೇನೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಎಂಬುದು ಬಸ್ಸೇ ಬಾರದ ನಮ್ಮೂರಿಗೆ ಬರೀ ಕೇಳುವ ಸುದ್ದಿಯಾಗಿತ್ತು. ಈಗ ಹಿತ್ತಲ ಮೆಂತ್ಯ, ಬದನೆಕಾಯಿ ಕೂಡ ಪೇಟೆ ನೋಡುತ್ತಿವೆ. ಬೈಲಹೊಂಗಲದ ಒಂದು ಖಾನಾವಳಿಯವರೂ ರೊಟ್ಟಿ ಕೇಳಿದ್ದಾರೆ. ಮೊದಲು ನಾಲ್ಕೈದು ಮನೆಯಲ್ಲಿ ಬಡಿಯುತ್ತಿದ್ದೆವು, ಈಗ ಬೆಳಗಿನ ಜಾವ ಓಣಿಯ ತುಂಬ ಅದೇ ಸಪ್ಪಳ. ಕಲ್ಮೇಶನ ಟಂಟಂಗೆ ಗಿರಾಕಿ ಕಡಿಮೆಯಾಗಿ ಅವನು ಮುಖ ಸಣ್ಣದು ಮಾಡಿಕೊಂಡಿದ್ದ. ಆದರೆ ಹೋದ ವಾರ ಅವನಿಗೆ ಹೆಣ್ಣು ಕೊಡಲು ಸವದತ್ತಿಯಿಂದ ಬೀಗತನಕ್ಕೆ ಬಂದರು, ಅದೂ ಬಸ್ಸಿನಲ್ಲೇ. ಇಷ್ಟು ವರ್ಷ ನಮ್ಮೂರ ಹೆಸರು ಹೇಳಿದರೆ ಹೆಣ್ಣು ಕೊಡುವವರು ಮಾತು ಬದಲಿಸುತ್ತಿದ್ದರು.

ನನ್ನ ಮಗಳು, ನಿನ್ನ ಸೊಸೆ ದಾಕ್ಷಾಯಣಿ ಯರಗಟ್ಟಿ ಕಾಲೇಜಿಗೆ ಹೆಸರು ಹಚ್ಚಿದ್ದಾಳೆ. ನೀಲಿ ಚೀಲದವಳು, ಕಿಟಕಿ ಹಿಡಿದು ಕೂರುತ್ತಾಳೆ. ಮಾಮಾ ಎಂದು ಕರೆಯಬೇಕೋ ಬೇಡವೋ ಎಂದು ನನ್ನನ್ನು ಕೇಳಿದಳು. ಏನು ಹೇಳಲಿ?

ಎಲ್ಲ ಸರಿಯಿದೆ. ಅದಕ್ಕೇ ಹೆದರಿಕೆ. ಇಷ್ಟೆಲ್ಲ ಒಂದೇ ಬಸ್ಸಿನ ಮೇಲೆ ನಿಂತಿದೆ.

ಗಂಗಾ

•

ರಾಮದುರ್ಗ
ಜುಲೈ 26

ಅಕ್ಕಾ,

ಇದನ್ನು ಯಾರಿಗೆ ಹೇಳುವುದೆಂದು ತಿಳಿಯದೆ ನಿನಗೆ ಬರೆಯುತ್ತಿದ್ದೇನೆ. ಓದಿ ನಿನ್ನಲ್ಲೇ ಇಟ್ಟುಕೊ.

ಸೇತುವೆ ಸರಿಯಿಲ್ಲ. ಊರ ಕಡೆಯಿಂದ ಹತ್ತುವಲ್ಲಿ ಗಾಡಿ ಎಡಕ್ಕೆ ಎಳೆಯುತ್ತದೆ. ಮೊದಮೊದಲು ಸ್ಟೇರಿಂಗಿನದೇ ದೋಷ ಎಂದುಕೊಂಡೆ. ಬೇರೆ ಗಾಡಿ ತಂದರೂ ಅದೇ ಜಾಗದಲ್ಲಿ ಅದೇ ಎಳೆತ. ಮೊನ್ನೆ ಖಾಲಿ ಬರುವಾಗ ನಿಲ್ಲಿಸಿ ಇಳಿದು ನೋಡಿದೆ. ಕಟ್ಟಿದ ಕಲ್ಲು ಜಾರಿವೆ, ಡಾಂಬರಿನ ಕೆಳಗೆ ಪೊಳ್ಳು ಬಿದ್ದಿದೆ. ಕೈ ಹಾಕಿದೆ, ಮೊಣಕೈವರೆಗೂ ಹೋಯಿತು. ಒಳಗೆ ಮಣ್ಣು ಹಸಿಯಿತ್ತು.

ನಾನು ಎಂಜಿನಿಯರ್ ಅಲ್ಲ. ನನ್ನ ಲೆಕ್ಕ ತಪ್ಪಿರಬಹುದು. ಡಿಪೋದ ಸಾಹೇಬರಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವರು, "ಬರದ ಕೊಡಪಾ. ಆದ್ರ ಬರದ ಕೊಟ್ಟಿ ಅಂದ್ರ ಮರುದಿನದಿಂದ ಗಾಡಿ ಬಂದ್ ಮಾಡಬೇಕಾಗ್ತದ. ದುರಸ್ತಿ ಆಗೂತನಕ ಚಾಲೂ ಆಗಂಗಿಲ್ಲ" ಎಂದರು. ಅವರದೂ ತಪ್ಪಲ್ಲ.

ದುರಸ್ತಿ ಯಾವಾಗ ಆದೀತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಡ್ಯಾಮಿನಿಂದ ನೀರು ಬಿಟ್ಟರೆ ಮಲಪ್ರಭೆ ತುಂಬಿ ಹಳ್ಳಕ್ಕೆ ಹಿನ್ನೀರು ಏರುತ್ತದೆ. ಅದರೊಳಗೆ ಏನಾದರೂ ನಿರ್ಧಾರ ಮಾಡಬೇಕು. ನೀಲಿ ಚೀಲದವಳನ್ನು ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

ಬಸವಲಿಂಗ

•

ಹೊಳೆಮರಡಿ
ಜುಲೈ 28

ಬಸು,

ನಿನ್ನ ಕಾಗದ ಓದಿ ಎಮ್ಮೆ ಮೇಯಿಸುವ ನೆಪ ಮಾಡಿ ಹಳ್ಳಕ್ಕೆ ಹೋಗಿ ನಾನೂ ಕೈ ಹಾಕಿ ನೋಡಿದೆ. ನೀನು ಹೇಳಿದ್ದು ಸುಳ್ಳಲ್ಲ. ಆದರೂ ಕೇಳಿಕೊಳ್ಳುತ್ತೇನೆ, ಬರೆದು ಕೊಡಬೇಡ. ಈಗಲೇ ಬೇಡ. ಮಳೆ ಹಿಂದೆ ಸರಿಯಲಿ, ಅಮೋಘಸಿದ್ದಪ್ಪ ಕಾಕಾನ ಕೈಕಾಲು ಹಿಡಿದು ಒಂದಷ್ಟು ಕಲ್ಲು, ಸಿಮೆಂಟು ಹಾಕಿಸುತ್ತೇನೆ.

ಬಸ್ಸು ಇಲ್ಲದ ಊರು ಹೇಗಿರುತ್ತದೆ ಎಂಬುದು ರಾಮದುರ್ಗದಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಹಳ್ಳ ಇಳಿಯಲೆಂದು ಕಾದು ಕಾದು ಬಡಿದ ರೊಟ್ಟಿಗೆಲ್ಲ ಬೂಸಲು ಬಂತು. ಹಿಟ್ಟು ಕೊಟ್ಟ ಹೆಣ್ಣುಮಕ್ಕಳ ಮುಖ ನೋಡಲಾಗದೆ ನಾನು ಹಿತ್ತಲ ಬಾಗಿಲಿನಿಂದ ಓಡಾಡಿದೆ. ಹಾಲನ್ನು ಕೊಳ್ಳುವವರು ಕೇಳಿದ ದರಕ್ಕೆ ಕೊಟ್ಟೆವು. ಸಾಲಿ ಬಿಡಿಸಿದ ಹುಡುಗಿಯರನ್ನು ಮತ್ತೆ ಕಳಿಸಲಿಲ್ಲ, ಅವರಿಗೀಗ ಮಕ್ಕಳು. ಮತ್ತೆ ಅಲ್ಲಿಗೇ ಹೋಗಬೇಕೇನು?

ನೀನು ಬರೆದು ಕೊಟ್ಟೆ ಎಂದರೆ ಊರಿನವರು ಸೇತುವೆ ಕಟ್ಟಿದವನನ್ನು ಬಯ್ಯುವುದಿಲ್ಲ, ಗಂಗಾನ ತಮ್ಮ ಬಸ್ಸು ಕಸಿದ ಅನ್ನುತ್ತಾರೆ. ನನಗೂ ಒಂದು ಮಾತು ಮನಸ್ಸಿಗೆ ಬಂತು, ಬಂದದ್ದನ್ನು ಬರೆಯುತ್ತೇನೆ. ಹೊಲದ ಸಿಟ್ಟನ್ನು ಊರಿನ ಮೇಲೆ ತೀರಿಸಿಕೊಳ್ಳಬೇಡ.

ಗಂಗಾ

•

ಹೊಳೆಮರಡಿ
ಆಗಸ್ಟ್ 12

ಬಸು,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದುದೇ ಸರಿ. ಆ ಕೊನೆಯ ಸಾಲು ಬರೆದ ಮೇಲೆ ಕಾಗದ ಮಡಿಸಬಾರದಿತ್ತು.

ಈಗ ನೀನು ಸೇತುವೆಯ ಈಚೆ ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತೀ, ಅವರು ನಡೆದು ದಾಟಿದ ಮೇಲೆ ಖಾಲಿ ಬಸ್ಸು ದಾಟಿಸುತ್ತೀ ಎಂದು ಕೇಳಿದೆ. ದಾಕ್ಷಾಯಣಿ ಹೇಳಿದಳು. ಗೌತಮಿಬಾಯಿಯವರನ್ನೂ ನೀನು ಬಸ್ಸಿನಲ್ಲಿ ಇರಗೊಡುವುದಿಲ್ಲವಂತೆ. ಮುದುಕರು ಬಯ್ಯುತ್ತಾರೆ, ಮಳೆಯಲ್ಲಿ ಹುಡುಗಿಯರ ಪುಸ್ತಕ ತೋಯುತ್ತವೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು.

ಅಮೋಘಸಿದ್ದಪ್ಪ ಕಾಕಾನಿಗೆ ಸೇತುವೆ ತೋರಿಸಿದೆ. ಬಗ್ಗಿ ನೋಡಿದವರು ಎದ್ದು ಕೈ ಝಾಡಿಸಿಕೊಂಡು, "ಯಾರ ಮುಂದನೂ ಬಾಯಿ ಬಿಡಬ್ಯಾಡವ್ವ, ಬಸ್ ಹೋದೀತು" ಎಂದರು. ನಿನಗೆ ನಾನು ಬರೆದದ್ದೂ ಅದನ್ನೇ. ಅವರ ಬಾಯಿಂದ ಕೇಳಿದ ಮೇಲೆ ನೇರ ಮನೆಗೆ ಬಂದು ಈ ಕಾಗದ ಬರೆಯಲು ಕೂತೆ.

ನೀನು ಖಾಲಿ ಬಸ್ಸನ್ನು ದಾಟಿಸುತ್ತೀ ಎಂದು ಎಲ್ಲರೂ ಅನ್ನುತ್ತಾರೆ. ಖಾಲಿ ಎಲ್ಲಿ? ಒಳಗೆ ನೀನಿರುತ್ತೀಯಲ್ಲ.

ಗಂಗಾ

•

ರಾಮದುರ್ಗ
ಆಗಸ್ಟ್ 17

ಅಕ್ಕಾ,

ನಿನ್ನೆ ಬರೆದು ಕೊಟ್ಟೆ. ಈ ಕಾಗದ ಅಂಚೆಯಲ್ಲಿ ನಿನಗೆ ತಲುಪುವಷ್ಟರಲ್ಲಿ ಬಸ್ಸು ನಿಂತಿರುತ್ತದೆ. ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಬೇಕೆಂದಿದ್ದೆ, ಆಗಲಿಲ್ಲ.

ಮೊನ್ನೆ ಝೆಂಡಾ ಹಾರಿಸಲು ಹುಡುಗಿಯರೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಹೊಳೆಗೆ ನೀರು ಬಿಟ್ಟಿದ್ದರಿಂದ ಹಳ್ಳ ಸೇತುವೆಯ ಹೊಟ್ಟೆಗೆ ತಾಗಿಕೊಂಡೇ ಹರಿಯುತ್ತಿತ್ತು. ಅವರನ್ನು ದಿನದ ಹಾಗೆ ಇಳಿಸಿದೆ. ಮಳೆ ಜೋರಿತ್ತು. ಕೊಡೆ ಕಡಿಮೆ ಇದ್ದವು, ಒಂದೊಂದರ ಕೆಳಗೆ ಮೂವರು ನಾಲ್ವರು. ಅವರು ನಿಧಾನ ಮಾಡುತ್ತಾರೆಂದು, ನಾನೇ ಮೊದಲು ದಾಟಿ ಆಚೆ ನಿಂತರೆ ಬೇಗ ಹತ್ತಿಸಿಕೊಳ್ಳಬಹುದು ಎಂದು ಗಾಡಿ ಬಿಟ್ಟೆ. ಆ ಜಾಗಕ್ಕೆ ಬಂದಾಗ ಹಿಂದಿನ ಗಾಲಿ ಕುಸಿಯಿತು. ಇಡೀ ಬಸ್ಸು ಹಳ್ಳದ ಕಡೆ ವಾಲಿತು. ನನಗೆ ನೀರು ಮಾತ್ರ ಕಂಡಿತು, ರಸ್ತೆ ಕಾಣಲಿಲ್ಲ. ಹೇಗೋ ಎಕ್ಸಿಲೇಟರ್ ಒತ್ತಿದೆ, ಎದ್ದು ಬಂತು.

ಇಷ್ಟು ದಿನ ನನ್ನ ಮನಸ್ಸಿನಲ್ಲಿ ಒಂದು ಸಮಾಧಾನವಿತ್ತು. ಹೋದರೆ ನಾನೊಬ್ಬನೇ ಹೋಗುತ್ತೇನೆ ಎಂದು. ಆಚೆ ದಡದಲ್ಲಿ ನಿಲ್ಲಿಸಿ ಕನ್ನಡಿ ನೋಡಿದರೆ ಅವರೆಲ್ಲ ಅದೇ ಜಾಗದ ಮೇಲೆ ನಿಂತಿದ್ದರು. ನನ್ನ ಬಸ್ಸು ವಾಲಿದ್ದು ಕಂಡು ಹೆದರಿ, ಕುಸಿದ ಕಡೆಯೇ ಗುಂಪಾಗಿ ನಿಂತು ಬಗ್ಗಿ ನೋಡುತ್ತಿದ್ದರು. ದಾಕ್ಷಾಯಣಿ ಎಲ್ಲರಿಗಿಂತ ಮುಂದೆ. ನಾನು ಇಳಿದು ಓಡಿದೆ. "ಸರೀರಿ, ಹಿಂದ ಸರೀರಿ" ಎಂದು ಕೂಗಿದೆ. ಅವಳು ಮೊದಲ ಬಾರಿಗೆ ಮಾಮಾ ಎಂದಳು.

ಹೊಲದ ಸಿಟ್ಟು ಎಂದು ನೀನು ಬರೆದಿದ್ದೆ. ಆ ಸಿಟ್ಟು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬರೆದು ಕೊಡಲು ಪೆನ್ನು ಹಿಡಿದಾಗ ಅದರ ನೆನಪೂ ಬರಲಿಲ್ಲ. ನಿನ್ನ ರೊಟ್ಟಿಯ ನೆನಪು ಬಂತು. ಆದರೂ ಬರೆದೆ.

ಬಸವಲಿಂಗ

•

ಹೊಳೆಮರಡಿ
ಆಗಸ್ಟ್ 31

ಬಸವಲಿಂಗನಿಗೆ,

ಸೇತುವೆಗೆ ಎರಡು ಕಲ್ಲು ಅಡ್ಡ ಇಟ್ಟು, ಭಾರೀ ವಾಹನ ಬಂದ್ ಎಂದು ಬೋರ್ಡು ನೆಟ್ಟು ಹೋದರು. ಆಮೇಲೆ ಯಾರೂ ಬಂದಿಲ್ಲ. ಕಲ್ಲಿನ ಸಂದಿಯಲ್ಲಿ ಟಂಟಂ ಹಾಯುತ್ತದೆ. ಕಲ್ಮೇಶ ಮತ್ತೆ ಗಿರಾಕಿ ತುಂಬುತ್ತಿದ್ದಾನೆ, ಆದರೆ ಸವದತ್ತಿಯ ಬೀಗರು ತಿರುಗಿ ಫೋನು ಮಾಡಲಿಲ್ಲ. ಬೈಲಹೊಂಗಲದವರು ಸ್ವಲ್ಪ ದಿನ ಕಾದು, ಬೇರೆ ಊರಿನಿಂದ ರೊಟ್ಟಿ ತರಿಸುತ್ತಿದ್ದೇವೆ ಎಂದರು. ಓಣಿಯಲ್ಲಿ ಸಪ್ಪಳ ನಿಂತಿದೆ. ದಾಕ್ಷಾಯಣಿ ಮನೆಯಲ್ಲಿ ಕೂತು ಪುಸ್ತಕ ಮಗುಚುತ್ತಾಳೆ. ಅವಳ ಜೊತೆಯ ಇಬ್ಬರನ್ನು ಇನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದು ಮನೆಯವರು ಹೇಳಿಯಾಗಿದೆ.

ಭಾವಿಗೆ ಹೋದರೆ ಹೆಣ್ಣುಮಕ್ಕಳು ಮಾತು ನಿಲ್ಲಿಸುತ್ತಾರೆ. ಹಾಲು ಒಯ್ಯುವ ನೀಲಪ್ಪ ದಿನಾ ನಮ್ಮ ಕಟ್ಟೆಯ ಮುಂದೆ ಬೈಕು ನಿಧಾನ ಮಾಡಿ, "ಇವತ್ತೂ ದಾಟಿ ಬಂದೆ ನೋಡವಾ. ನಿನ್ನ ತಮ್ಮನ ಬ್ರಿಜ್ ಇನ್ನಾ ಬಿದ್ದಿಲ್ಲ" ಎನ್ನುತ್ತಾನೆ. ನಿನ್ನ ಭಾವ ಶ್ರೀಶೈಲ ಅವನಿಗೆ ಎದುರಾಡುವುದಿಲ್ಲ, ನನ್ನ ಮುಖವನ್ನೂ ನೋಡುವುದಿಲ್ಲ.

ಮುಂಜಾನೆ ಎದ್ದು ಮಾಳಿಗೆ ಹತ್ತಿ ಮೊದಲು ಸೇತುವೆಯ ಕಡೆ ನೋಡುತ್ತೇನೆ. ನಿಂತಿರುತ್ತದೆ. ಆಗ ನನ್ನ ಮನಸ್ಸಿಗೆ ಏನು ಬರುತ್ತದೆ ಎಂಬುದನ್ನು ಬರೆಯಲಾರೆ.

ಗಂಗಾ

•

ರಾಮದುರ್ಗ
ಸೆಪ್ಟೆಂಬರ್ 8

ಅಕ್ಕಾ,

ನೀನು ಬರೆಯಲಾರದ್ದು ನನಗೆ ತಿಳಿಯಿತು. ನನಗೂ ಅದೇ ಬರುತ್ತದೆ. ಈಗ ನನಗೆ ಕಿತ್ತೂರಿನ ಗಾಡಿ. ನಿಮ್ಮೂರ ಕ್ರಾಸ್ ದಾಟುವಾಗ ದಿನಾ ಆ ಕಡೆ ಕತ್ತು ತಿರುಗುತ್ತದೆ. ಬಿದ್ದರೆ ನನ್ನ ಮಾತು ನಿಜವಾಗುತ್ತದೆ, ಆದರೆ ಬೀಳುವಾಗ ಮೇಲೆ ಯಾರಿರುತ್ತಾರೆ? ಬೀಳದಿದ್ದರೆ ನಾನು ಒಂದು ಊರಿನ ಅನ್ನ ಕಸಿದವನು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಲಿ?

ಅವ್ವ ಊಟ ಕಡಿಮೆ ಮಾಡಿದ್ದಾಳೆ. ನನ್ನನ್ನು ಏನೂ ಕೇಳುವುದಿಲ್ಲ. ನೀವು ಟಂಟಂನಲ್ಲೂ ದಾಟಬೇಡಿರಿ. ಇದನ್ನು ಡ್ರೈವರ್ ಆಗಿ ಹೇಳುತ್ತಿಲ್ಲ.

ಬಸು

•

ಹೊಳೆಮರಡಿ
ಸೆಪ್ಟೆಂಬರ್ 26

ಬಸು,

ಎಲ್ಲರೂ ಬದುಕಿದ್ದೇವೆ. ಮೊದಲು ಅದನ್ನು ಓದಿಕೊ.

ನೀನು ಬೇಡವೆಂದರೂ ಬುಧವಾರ ನಾವು ದಾಟಿದೆವು. ಯರಗಟ್ಟಿ ಖಾನಾವಳಿಯವನು ಕೈಬಿಡುತ್ತೇನೆಂದಿದ್ದ, ಎದುರು ನಿಂತು ಮಾತಾಡದೆ ಗತಿಯಿರಲಿಲ್ಲ. ಕಲ್ಮೇಶನ ಟಂಟಂನಲ್ಲಿ ನಾನು, ದಾಕ್ಷಾಯಣಿ, ಓಣಿಯ ಇನ್ನೂ ಮೂರು ಮಂದಿ. ಆ ಜಾಗ ಬಂದಾಗ ನಾನು ಮಗಳ ಕೈ ಹಿಡಿದುಕೊಂಡೆ. ದಾಟಿದೆವು. ಕ್ರಾಸಿನ ಅಂಗಡಿಯಲ್ಲಿ ಚಹಾ ಹೇಳಿ ಕೂತಿದ್ದೆವು, ಹಿಂದೆ ಕಲ್ಲಿನ ಗಾಡಿ ಸುರುವಿದಂಥ ಸಪ್ಪಳ. ತಿರುಗಿ ನೋಡಿದರೆ ಸೇತುವೆಯ ಊರ ಕಡೆಯ ತುದಿ ಇರಲಿಲ್ಲ. ನೀಲಪ್ಪನ ಹಾಲಿನ ಕ್ಯಾನು ನೀರಿನ ಮೇಲೆ ತೇಲುತ್ತಿತ್ತು.

ಅವನನ್ನು ಎಳೆದು ತಂದದ್ದು ಕಲ್ಮೇಶ. ಕಾಲು ಎರಡು ಕಡೆ ಮುರಿದಿದೆ, ಬೆಳಗಾವಿಯಲ್ಲಿದ್ದಾನೆ. ಆಂಬುಲೆನ್ಸ್‌ಗೆ ಹಾಕುವಾಗ ನನ್ನನ್ನು ನೋಡಿದ. ಬೀಳಲಿ ಎಂದು ಎಷ್ಟು ಮುಂಜಾನೆ ಮಾಳಿಗೆಯ ಮೇಲೆ ನಿಂತಿದ್ದೆನೋ. ಹೀಗಲ್ಲ, ಹೀಗಲ್ಲ ಎಂದು ಒಳಗೇ ಹೇಳಿಕೊಂಡೆ.

ಮನೆ ಮುಟ್ಟಲು ದಾರಿಯಿರಲಿಲ್ಲ. ಗುಡ್ಡದ ಸೆರಗಿನಲ್ಲಿ ಹಳೆಯ ಬಂಡಿದಾರಿ ಇತ್ತೆಂದು ಜೊತೆಯಲ್ಲಿದ್ದ ಮುದುಕಿ ನೆನಪು ಮಾಡಿದಳು. ಹಳ್ಳದ ಮೇಲ್ಗಡೆ, ಅದು ಕಿರಿದಾಗಿ ಬಂಡೆಯ ಮೇಲೆ ಹರಿಯುವಲ್ಲಿ ದಾಟುತ್ತದೆ. ಹಿಂದೆ ಮುನವಳ್ಳಿ ಸಂತೆಗೆ ಬಂಡಿಗಳು ಹಾಗೇ ಹೋಗುತ್ತಿದ್ದವಂತೆ. ಈಗ ಎಲ್ಲರೂ ಒಡ್ಡು ಸರಿಸಿ ಹೊಲ ಮಾಡಿಕೊಂಡಿದ್ದಾರೆ, ನಾವೂ ಮಾಡಿಕೊಂಡಿದ್ದೇವೆ. ಜೋಳ, ಜಾಲಿ ಸರಿಸಿಕೊಂಡು ನಡೆದು ಮನೆ ಸೇರಿದಾಗ ಸೀರೆಯೆಲ್ಲ ಚಿಂದಿ. ಆದರೆ ಹಳ್ಳ ದಾಟುವಾಗ ಕಾಲ ಕೆಳಗೆ ಗಟ್ಟಿ ಕಲ್ಲಿತ್ತು, ಬಸು. ಪೂರ್ತಿ ಕಲ್ಲು.

ಆ ದಾರಿಯಲ್ಲಿ ಬಸ್ಸು ಬಂದೀತೇನು? ಕೇಳಿ ಹೇಳು.

ನಿನ್ನ ಅಕ್ಕ

•

ಹೊಳೆಮರಡಿ
ಅಕ್ಟೋಬರ್ 29

ಬಸು,

ದಾರಿ ಅಗಲವಾಗಿ, ಗುಡ್ಡದ ಗರಸು ಮಣ್ಣು, ಮುರುಮು ಬಿದ್ದು ಗಟ್ಟಿಯಾದರೆ ಸಾಹೇಬರು ಬಂದು ನೋಡುತ್ತಾರೆ ಎಂದು ನೀನು ಹೇಳಿಕಳಿಸಿದ ಮೇಲೆ ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಮೀಟಿಂಗಿನಲ್ಲಿ ಎಲ್ಲರೂ ದಾರಿ ಬೇಕು ಎಂದರು, ತನ್ನ ಹೊಲದ ಪಟ್ಟಿ ಬಿಡುತ್ತೇನೆಂದು ಒಬ್ಬರೂ ಅನ್ನಲಿಲ್ಲ. ಅಮೋಘಸಿದ್ದಪ್ಪ ಕಾಕಾನ ಹೊಲವೇ ಎಲ್ಲಕ್ಕಿಂತ ಹೆಚ್ಚು ದಾರಿಯ ಒಳಗೆ ಸೇರಿತ್ತು. "ಸರ್ಕಾರ ಹೊಸಾ ಬ್ರಿಜ್ ಕಟ್ಟಿಕೊಡಲಿ" ಎಂದರು. ಆಗ ನಿನ್ನ ಭಾವ ಎದ್ದರು. ಸಭೆಯಲ್ಲಿ ಎಂದೂ ಬಾಯಿ ತೆರೆದವರಲ್ಲ. "ಹೊಸಾದ ಬರೂತನಕ ನನ್ನ ಮಗಳ ಮನ್ಯಾಗ ಕುಂದರಬೇಕೇನು? ನಾ ನಾಳಿಗೆ ಒಡ್ಡ ಒಡಿತೇನಿ" ಎಂದು ಹೇಳಿ ಹೊರಬಿದ್ದರು. ಮರುದಿನ ಬೆಳೆದು ನಿಂತ ಜೋಳದಲ್ಲೇ ಗುದ್ದಲಿ ಹಾಕಿದರು. ನಾನು ಬುಟ್ಟಿ ಹಿಡಿದೆ. ಭಾವಿಯ ಹತ್ತಿರ ಮಾತು ನಿಲ್ಲಿಸುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದರು, ರೊಟ್ಟಿ ಬಡಿಯುವ ಹೊತ್ತಿನಲ್ಲೇ ಬರುತ್ತಿದ್ದರು. ಕಡೆಗೆ ಕಾಕಾ ತಮ್ಮ ಒಡ್ಡು ಒಡೆಯಲು ಟ್ರ್ಯಾಕ್ಟರ್ ಕಳಿಸಿದರು. ತಾವು ಬರಲಿಲ್ಲ.

ಮುಗಿದಿದೆ ಅನ್ನಿಸುತ್ತದೆ. ಆದರೆ ನಮಗೇನು ತಿಳಿಯುತ್ತದೆ? ನೀನು ಬಂದು ನಡೆದು ನೋಡು.

ಗಂಗಾ

•

ರಾಮದುರ್ಗ
ನವೆಂಬರ್ 15

ಅಕ್ಕಾ,

ಹೋದ ವಾರ ನಿಮ್ಮೂರಲ್ಲಿ ದಿನವಿಡೀ ನಿನ್ನ ಜೊತೆಗೇ ಇದ್ದೆ, ಆದರೂ ಹೇಳಬೇಕಾದ್ದು ಹೇಳಲಾಗಲಿಲ್ಲ. ಮಂದಿ ಇದ್ದರು.

ಆ ಇಳಿಜಾರಿನ ತಿರುವಿನಲ್ಲಿ ನಾನು ಹಿಮ್ಮಡಿಯಿಂದ ಒತ್ತಿ ನೋಡಿ, ಇಲ್ಲಿ ಮಣ್ಣು ಮೆತ್ತಗದ, ಇನ್ನೊಂದು ಪದರ ಮುರುಮು ಬೇಕು ಎಂದೆನಲ್ಲ. ನೀವೆಲ್ಲ ದಣಿದಿದ್ದಿರಿ. ಯಾರಾದರೂ ಯಾಕೆ ಎನ್ನುತ್ತಾರೆ, ಜಗಳವಾಡುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಿರಿ. ಕೋಲೂರಿಕೊಂಡು ಬಂದಿದ್ದ ನೀಲಪ್ಪ ಕೂಡ, "ಅಂವಾ ಹೇಳಿದಂಗ ಹಾಕ್ರಿ" ಎಂದ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ನನ್ನ ಮಾತು ಯಾರೂ ನಂಬದಿದ್ದಾಗ ಇದ್ದ ಹೆದರಿಕೆ ಬೇರೆ, ಇದು ಬೇರೆ. ಈಗ ನಾನು ಸರಿಯಿದೆ ಎಂದರೆ ಸಾಕು, ನೀವು ಮಕ್ಕಳನ್ನು ಹತ್ತಿಸಿಬಿಡುತ್ತೀರಿ. ನಿನ್ನೆ ಮಳೆಯಾಯಿತೆಂದು ಡ್ಯೂಟಿ ಮುಗಿಸಿ ಬೈಕಿನಲ್ಲಿ ಮತ್ತೆ ಬಂದು ಆ ತಿರುವು ನೋಡಿ ಹೋದೆ. ನಿಮಗೆ ಹೇಳಲಿಲ್ಲ. ಮಣ್ಣು ಗಟ್ಟಿಯಿತ್ತು. ಆದರೂ ಬಗ್ಗಿ ಕೈಯಿಂದ ಒತ್ತಿ ನೋಡಿದೆ.

ಸಾಹೇಬರು ದಾರಿ ನೋಡಿ ಒಪ್ಪಿದ್ದಾರೆ. ಸೋಮವಾರದಿಂದ ಮುಂಜಾನೆ ಒಂದು, ಸಂಜೆ ಒಂದು. ಹೊಸ ದಾರಿ ಗೊತ್ತಿರುವವನೇ ಹೊಡೆಯಲಿ ಎಂದು ನನ್ನನ್ನು ಹಾಕಿದ್ದಾರೆ. ಬೈಲಹೊಂಗಲದವರು ಮತ್ತೆ ಬರುತ್ತಾರೋ ಇಲ್ಲವೋ ತಿಳಿಯದು, ಮೊದಲು ಯರಗಟ್ಟಿಗಾಗುವಷ್ಟು ರೊಟ್ಟಿ ಬಡಿಯಿರಿ.

ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ಎದ್ದು ಹೋಗಿ ತನ್ನ ಇಳಕಲ್ ಸೀರೆ ತೆಗೆದಿಟ್ಟಳು. ಮೊದಲ ದಿನ ಬೇಡ, ನಾಲ್ಕು ದಿನ ಗಾಡಿ ಓಡಾಡಲಿ, ಆಮೇಲೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ನನ್ನನ್ನು ನೋಡಿ, "ಮಂದಿ ಮಕ್ಕಳನ್ನ ಕುಂದರಸ್ತಿ, ನನ್ನನ್ಯಾಕ ಬಿಟ್ಟ ಹೊಂಟಿ?" ಎಂದಳು.

ಸೋಮವಾರ ನನ್ನ ಹಿಂದಿನ ಸೀಟಿನಲ್ಲಿ ಅವ್ವ ಇರುತ್ತಾಳೆ.

ನಿನ್ನ ತಮ್ಮ
ಬಸು